ನಿದ್ರೆ ಮಾತ್ರೆ, ನೋವಿನ ಮಾತ್ರೆ, ನಕಲಿ ಚೀಟಿ: ಡಾಕ್ಟರನ್ನು ಕೇಳಿ

ಶಶಿ, ಬೆಜೈ: ಡಾಕ್ಟ್ರೇ, ಅಮ್ಮನ ನಿದ್ರೆ ಮಾತ್ರೆ ಅಲ್ಪ್ರಜೋಲಾಮ್ ಹಳೆ ಚೀಟಿಗೆ ಕೊಡುವುದಿಲ್ಲ ಅನ್ನುತ್ತಾರೆ ಮೆಡಿಕಲ್‌ನವರು. ಎರಡು ವರ್ಷದಿಂದ ಅದೇ ಮಾತ್ರೆ.

ಡಾಕ್ಟರ್: ಅವರು ಮಾಡಿದ್ದು ಸರಿ. ಮತ್ತೆ ಕೊಡಬಹುದು ಅಂತ ಚೀಟಿಯಲ್ಲೇ ಬರೆಯದಿದ್ದರೆ ಒಂದೇ ಸಲ. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿ.

ರಮೇಶ, ಸುರತ್ಕಲ್: ವಾಟ್ಸಾಪ್‌ನಲ್ಲಿ ಚೀಟಿ ಕಳಿಸಬಹುದಾ ಸರ್?

ಡಾಕ್ಟರ್: ಇಂಥ ಮಾತ್ರೆಗೆ ಆಗುವುದಿಲ್ಲ. 2020ರ ಟೆಲಿಮೆಡಿಸಿನ್ (ಫೋನಿನಲ್ಲೇ ನೋಡಿ ಔಷಧ ಬರೆಯುವ) ನಿಯಮ ಬಿಡುವುದಿಲ್ಲ.

ಹೊಸ ಕ್ಲಿನಿಕ್, ಬ್ರಹ್ಮಾವರ: ಸರ್, ಪರಿಚಯದ ಮೆಡಿಕಲ್‌ನಿಂದ ಫೋನ್ ಬಂತು. ನಾನು ನೋವಿನ ಮಾತ್ರೆ ಟ್ರಮಡಾಲ್ 10 ಬರೆದದ್ದು 100 ಆಗಿದೆ. ಇನ್ನೊಂದು ಚೀಟಿ ನಾನು ಬರೆದೇ ಇಲ್ಲ. ಲೆಟರ್‌ಹೆಡ್ ನನ್ನದೇ, ಫೋನ್ ನಂಬರ್ ಮಾತ್ರ ಬೇರೆ.

ಡಾಕ್ಟರ್: ಸೊನ್ನೆ ಸೇರಿಸುವುದು ಹಳೆ ಆಟ. ನನಗೆ ಹೆದರಿಕೆ ಎರಡನೆಯದರದ್ದು. ಅನುಮಾನ ಬಂದ ಅಂಗಡಿಯವರು ಚೀಟಿಯಲ್ಲಿರುವ ನಂಬರಿಗೇ ಫೋನ್ ಮಾಡುತ್ತಾರೆ. ಆ ಕಡೆ ನಕಲಿ ಚೀಟಿ ತಂದವನ ಜೊತೆಗಾರ "ಹೌದು, ನಾನೇ ಬರೆದದ್ದು, ಕೊಡಿ" ಅಂದರೆ ಮುಗಿಯಿತು. ನಿಮ್ಮ ಪುಣ್ಯ, ಇವರ ಹತ್ತಿರ ನಿಮ್ಮ ನಂಬರ್ ಮೊದಲೇ ಇತ್ತು. ಇವತ್ತೇ ಸುತ್ತಲಿನ ಮೆಡಿಕಲ್‌ಗಳಿಗೆ ಹೋಗಿ ನಂಬರ್, ಸಹಿಯ ಮಾದರಿ ಕೊಟ್ಟು ಬನ್ನಿ. ಪೊಲೀಸರಿಗೂ ಔಷಧ ನಿಯಂತ್ರಣದವರಿಗೂ ಬರಹದಲ್ಲೇ ದೂರು ಕೊಡಿ. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯೊಳಗೆ ಬಂದಿದೆ, ಸಣ್ಣ ವಿಷಯ ಅಲ್ಲ.

ಮೊದಲನೆಯದಕ್ಕೆ, 10ರ ಪಕ್ಕ "ಹತ್ತು ಮಾತ್ರ" ಅಂತ ಅಕ್ಷರದಲ್ಲೂ ಬರೆಯಿರಿ. ಕೆಳಗಿನ ಖಾಲಿ ಜಾಗಕ್ಕೆ ಗೆರೆ ಎಳೆಯಿರಿ. ಹಾಳೆಗೆ ಕ್ರಮಸಂಖ್ಯೆ ಹಾಕಿಸಿ. ಪ್ಯಾಡ್, ಸೀಲು ಬೀಗದೊಳಗೆ ಇರಲಿ. ಬರೆದದ್ದು ರೋಗಿಯ ಫೈಲಿನಲ್ಲೂ ಇರಲಿ, ನಾಳೆ ಪೊಲೀಸರು ಕೇಳುವುದು ಅದನ್ನೇ. ಮೊದಲೇ ಸಹಿ ಹಾಕಿದ ಹಾಳೆ ಸಿಬ್ಬಂದಿ ಕೈಯಲ್ಲಿ ಬಿಡುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ಬಾಗಿಲು ಹಾಕುವ ಹೊತ್ತಿಗೆ ಬಂದು ಮಾತ್ರೆಯ ಹೆಸರು ತಾನೇ ಹೇಳುವವನಿಗೆ ಅವಸರದಲ್ಲಿ ಬರೆಯಬೇಡಿ.

ಪ್ರಸನ್ನ, ಕಾಪು: ನನ್ನ ಚೀಟಿ ಬಸ್ಸಲ್ಲಿ ಕಳೆದುಹೋಯಿತು. ಯಾರಾದರೂ ಬಳಸಿದರೆ ನನ್ನ ತಲೆಗೆ ಬರುತ್ತದಾ?

ವಿನಯಾ, ಮಣಿಪಾಲ: ಗುಂಪಿನಲ್ಲಿ ಬಂದದ್ದು: ಹಾಲಿಗೆ ಜಾಯಿಕಾಯಿ ಹಾಕಿ ಕುಡಿದರೆ ನಿದ್ರೆ ಮಾತ್ರೆ ಒಂದೇ ದಿನದಲ್ಲಿ ಬಿಡಬಹುದಂತೆ. ಹೌದಾ?

ಡಾಕ್ಟರ್: ಮೊದಲು ಅದನ್ನು ಅಳಿಸಿ. ವರ್ಷಗಟ್ಟಲೆ ತಿಂದ ಅಲ್ಪ್ರಜೋಲಾಮ್ ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಕುತ್ತು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಜಾಯಿಕಾಯಿ ಜಾಸ್ತಿಯಾದರೆ ಅದೂ ವಿಷ. ಇದನ್ನು ಫಾರ್ವರ್ಡ್ ಮಾಡಿದ ಪುಣ್ಯಾತ್ಮ ಫಿಟ್ಸ್ ಬಂದ ದಿನ ಆಸ್ಪತ್ರೆಗೆ ಬರುತ್ತಾನಾ?

ವಿನಯಾ: ಕೇಳಿದ್ದು ತಪ್ಪಾ ಸರ್?

ಮೆಡಿಕಲ್‌ನವರು, ಕುಂದಾಪುರ: ಶಶಿಯವರೇ, ಅದು ಎಚ್1 ಪಟ್ಟಿಯ, ಅಂದರೆ ಚೀಟಿ ನೋಡಿಯೇ ಕೊಟ್ಟು ಲೆಕ್ಕ ಇಡಬೇಕಾದ ಮಾತ್ರೆ. ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟದ್ದು ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ನಮಗೇನು ಹಟವಾ?

ಶಶಿ: ಪರಿಚಯದವರಿಗೆ ಚೀಟಿ ಇಲ್ಲದೆಯೂ ಸಿಗುತ್ತದಲ್ವಾ?

ಮೆಡಿಕಲ್‌ನವರು, ಕುಂದಾಪುರ: ಯಾವ ಅಂಗಡಿಯಲ್ಲಿ? ಸುಮ್ನೆ ಎಲ್ಲರ ಮೇಲೆ ಹಾಕಬೇಡಿ.

ಶಶಿ: ಹೆಸರು ಹೇಳಿದರೆ ನಾಳೆ ಅಮ್ಮನಿಗೆ ಮಾತ್ರೆ ಯಾರು ಕೊಡುತ್ತಾರೆ ಮಾರಾಯ್ರೇ?

ಇಸ್ಮಾಯಿಲ್, ಉಳ್ಳಾಲ: ವಾಟ್ಸಾಪ್ ಚೀಟಿ ನಡೆಯುತ್ತದಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ಪ್ರಸನ್ನ, ಕಾಪು: ನನ್ನ ಪ್ರಶ್ನೆ?

ಡಾಕ್ಟರ್: ಶಶಿ, ಕುಂದಾಪುರದವರು, ನಿಮ್ಮ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಬ್ರಹ್ಮಾವರದವರೇ, ದೂರು ಕೊಟ್ಟಿರಾ?

ಹೊಸ ಕ್ಲಿನಿಕ್, ಬ್ರಹ್ಮಾವರ: ಠಾಣೆಯಲ್ಲೇ ಇದ್ದೇನೆ ಸರ್. ಅಸಲು ಚೀಟಿ ಕೇಳುತ್ತಿದ್ದಾರೆ. ಅದನ್ನು ಆ ಮನುಷ್ಯ ಕಿತ್ತುಕೊಂಡು ಓಡಿದನಂತೆ, ಮೆಡಿಕಲ್‌ನವರ ಹತ್ತಿರ ಫೋಟೊ ಮಾತ್ರ ಉಂಟು.

ಡಾಕ್ಟರ್: ಫೋಟೊ ಕೊಡಿ. ಅಂಗಡಿಯ ಕ್ಯಾಮೆರಾ ಅಳಿಸಿಹೋಗುವ ಮೊದಲು ತೆಗೆದಿಡಲು ಹೇಳಿ. ಫೋನ್ ಮಾಡಿ ನನಗೆ.