ಮನೆಯ ಸುತ್ತಲಿನ ಹಸಿರಿಗೂ ಸಕ್ಕರೆ ಕಾಯಿಲೆಗೂ ನಂಟಿದೆಯೇ?

ಪ್ರಶ್ನೆ: ರಿಂಗ್ ರಸ್ತೆಯಾಚೆಯ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಬಹಳ ವರ್ಷ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದ ನಾವು ಹೋದ ವರ್ಷ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡೆವು. ಅಲ್ಲಿದ್ದಾಗ ನಮ್ಮ ತಾಯಿಯವರು ನೆರೆಯ ಇಬ್ಬರೊಡನೆ ದಿನವೂ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದರು. ಇಲ್ಲಿ ರಸ್ತೆಯ ಉದ್ದಕ್ಕೂ ಒಂದು ಮರವಿಲ್ಲ, ಜೊತೆಗೆ ಬರುವವರೂ ಇಲ್ಲ. ಊಟವೂ ಮಾತ್ರೆಯೂ ಬದಲಾಗದಿದ್ದರೂ ಸಕ್ಕರೆ, ರಕ್ತದೊತ್ತಡ ಎರಡೂ ಏರಿವೆ. ಇದಕ್ಕೂ ಹಸಿರಿಗೂ ಸಂಬಂಧವಿದೆಯೇ?

ಉತ್ತರ 1: ಸಮುದಾಯ ಆರೋಗ್ಯ ಬೋಧಕ, ಮೈಸೂರು

ಸಂಬಂಧ ಕಂಡುಬಂದಿದೆ. ಅಮೆರಿಕದ ಮಯಾಮಿ ಪ್ರದೇಶದಲ್ಲಿ 65 ದಾಟಿದ ಸುಮಾರು ಎರಡೂವರೆ ಲಕ್ಷ ಜನರ ವೈದ್ಯಕೀಯ ದಾಖಲೆಗಳನ್ನು ಅವರ ಮನೆಯ ಸುತ್ತಲಿನ ಹಸಿರಿನೊಂದಿಗೆ ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿರು ಹೆಚ್ಚಿದ್ದ ಕಡೆ ಮಧುಮೇಹ ಶೇ 14ರಷ್ಟು, ಅಧಿಕ ರಕ್ತದೊತ್ತಡ ಶೇ 13ರಷ್ಟು ಕಡಿಮೆಯಿತ್ತು. ಹಣವಂತರೇ ಮರಗಳಿರುವ ಬಡಾವಣೆಗಳಲ್ಲಿರುತ್ತಾರಲ್ಲವೇ ಎಂಬ ಸಂಶಯ ಸಹಜ. ಆದರೆ ವಯಸ್ಸು, ಆದಾಯಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು, ಅದೂ ಬಡವರ ಕೇರಿಗಳಲ್ಲೇ ಹೆಚ್ಚಾಗಿ. ಆದರೂ ಒಂದೇ ಕಾಲದ ಮಾಹಿತಿಯಾದ್ದರಿಂದ ಮರವೇ ಕಾರಣವೆಂದು ಅದರಿಂದ ಹೇಳಲಾಗದು. ನೆರಳಿದ್ದರೆ ಜನ ನಡೆಯುತ್ತಾರೆ, ನಾಲ್ಕು ಜನ ಸೇರುತ್ತಾರೆ, ಸೆಕೆ ಮತ್ತು ಸದ್ದು ತಗ್ಗುತ್ತವೆ. ನಂಟಿನ ದಾರಿಗಳು ಇವೆಂದು ತಜ್ಞರು ಭಾವಿಸುತ್ತಾರೆ. ತಾಯಿಯವರ ವಿಷಯದಲ್ಲಿ ನನಗೆ ಮೊದಲು ಕಾಣುವುದು ನಿಂತುಹೋದ ನಡಿಗೆ. ಮಾತ್ರೆಯ ಪ್ರಮಾಣವನ್ನು ಮಾತ್ರ ದಯವಿಟ್ಟು ವೈದ್ಯರಿಗೇ ಬಿಡಿ.

ಉತ್ತರ 2: ರೈತ, ಮಂಡ್ಯ

ಒಂದು ಮಾತು ಸೇರಿಸಬೇಕೆನಿಸಿತು. ಇಂಥ ಅಧ್ಯಯನಗಳಲ್ಲಿ ಹಸಿರನ್ನು ಅಳೆಯುವುದು ಉಪಗ್ರಹದಿಂದ; ಅದರ ಕಣ್ಣಿಗೆ ಕಬ್ಬಿನ ಗದ್ದೆಯೂ ಹಸಿರೇ, ಉದ್ಯಾನವೂ ಹಸಿರೇ. ನಮ್ಮ ಮನೆಯ ಮೂರು ಕಡೆ ಕಬ್ಬು, ಒಂದು ಕಡೆ ನಾಲೆ. ಆದರೂ ನಮ್ಮ ಬೀದಿಯಲ್ಲಿ ಸಕ್ಕರೆ ಮಾತ್ರೆಯಿಲ್ಲದ ಮನೆ ಹುಡುಕಬೇಕು. ಆಳೆತ್ತರದ ಕಬ್ಬಿನ ನಡುವೆ ನೆರಳಿಲ್ಲ, ಕೂರಲು ಕಟ್ಟೆಯಿಲ್ಲ, ಕಟಾವಿನ ಕಾಲದಲ್ಲಿ ತುಂಬಿದ ಟ್ರ್ಯಾಕ್ಟರುಗಳು ಬರುವ ರಸ್ತೆಯಂಚಿನಲ್ಲಿ ಮುದುಕರು ಹೇಗೆ ನಡೆಯಬೇಕು? ಕಾಲಿಗೆ ಸಿಗುವ ಹಸಿರು ಬೇಕು, ಸ್ವಾಮಿ.

ಉತ್ತರ 3: ಗೃಹಿಣಿ, ಕುವೆಂಪುನಗರ

ಹೊಂಗೆ ನೆಡಿ. ಯುಗಾದಿಯ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡು, ಬೇಕಾದ ಬೇಸಿಗೆಯಲ್ಲೇ ಒತ್ತಾದ ನೆರಳು ಕೊಡುತ್ತದೆ. ವಿದ್ಯುತ್ ತಂತಿಯ ಕೆಳಗೆ ಬೇಡ. ಮೊದಲೆರಡು ಬೇಸಿಗೆ ನೀರು ತಪ್ಪಿಸಬೇಡಿ. ನಮ್ಮ ಬೀದಿಯಲ್ಲಿ ಸಸಿಗೊಂದು ಮನೆಯೆಂದು ಹಂಚಿಕೊಂಡಿದ್ದೆವು. ಬಕೆಟ್ ಹಿಡಿದು ಹೊರಬಂದ ಅಜ್ಜಿಯರು ಪರಸ್ಪರ ಪರಿಚಯವಾಗಿ, ಈಗ ಐದು ಮಂದಿ ಸಂಜೆ ಒಟ್ಟಿಗೆ ನಡೆಯುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಮರ ಬೆಳೆಯುವವರೆಗೆ ಕಾಯುವಂತಿಲ್ಲವಾದ್ದರಿಂದ, ನಾಳೆಯಿಂದ ಕೆಲಸಕ್ಕೆ ಹೋಗುವ ಮುನ್ನ ಅಮ್ಮನನ್ನು ಸ್ಕೂಟರಿನಲ್ಲಿ ಕೆರೆಗೆ ಕರೆದೊಯ್ಯುತ್ತೇನೆ. ಹಳೆಯ ಗೆಳತಿಯರಿಗೆ ಅವರೇ ಈಗ ಫೋನ್ ಮಾಡುತ್ತಿದ್ದಾರೆ. ಹೊಂಗೆ ಸಸಿಗೆ ಗುಂಡಿ ಎಷ್ಟು ಆಳ ಬೇಕು?