ಕಾಂಪೌಂಡ್ ಒಳಗೆ ನಿಂತಿದ್ದ ಕಾರಿನ ಮೇಲೆ ತೆಂಗಿನಕಾಯಿ ಬಿತ್ತು, ಕ್ಲೈಮ್ ಆಗುತ್ತಾ?

ಬಾಡಿಗೆಮನೆ_ಮೈಸೂರು:
ಕುವೆಂಪುನಗರದಲ್ಲಿ ಬಾಡಿಗೆಗಿದ್ದೇವೆ. ನಿನ್ನೆ ರಾತ್ರಿ ಗಾಳಿಗೆ ಓನರ್ ಮರದಿಂದ ಅರ್ಧ ಗೊನೆ ಕಾಯಿ ನಮ್ಮ ಕಾರಿನ ಮೇಲೆ ಬಿತ್ತು. ಮುಂದಿನ ಗಾಜು ಹೋಯಿತು, ಬಾನೆಟ್ ನೆಗ್ಗಿದೆ, ವೈಪರ್ ಮುರಿದಿದೆ. ಗ್ಯಾರೇಜಿನವರು 26,000 ಅಂದರು. ಏಜೆಂಟ್ ‘ರಸ್ತೆಯಲ್ಲಿ ಆಗಿದ್ದಲ್ಲ ಸಾರ್, ಕಷ್ಟ’ ಅಂತಾರೆ. 1,197 ಸಿಸಿ ಪೆಟ್ರೋಲ್ ಕಾರು, ನಾಲ್ಕನೇ ವರ್ಷ. ಫುಲ್ ಇನ್ಶೂರೆನ್ಸ್ ಇದೆ, ಝೀರೋ ಡೆಪ್ (ಸವಕಳಿ ಕಡಿತ ಇಲ್ಲದ ಹೆಚ್ಚುವರಿ ಕವರ್) ಇಲ್ಲ. ಎನ್‌ಸಿಬಿ (ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) 35%.

ಕೆಆರ್‌ಎಸ್_ರೋಡ್:
ಓನರ್ ಹತ್ತಿರಾನೇ ವಸೂಲಿ ಮಾಡಿ ಗುರು. ಮರ ಅವರದು, ಕಾಯಿ ಅವರದು. ಕ್ಲೈಮ್ ಹಾಕಿದರೆ ಎನ್‌ಸಿಬಿ ಸೊನ್ನೆ.

ನಿವೃತ್ತ_ಸರ್ವೇಯರ್_ಹಾಸನ:
ನಿಮ್ಮ ಏಜೆಂಟ್ ಎರಡು ವಿಷಯ ಕಲಸಿಬಿಟ್ಟಿದ್ದಾರೆ. ‘ಸಾರ್ವಜನಿಕ ಸ್ಥಳ’ ಅನ್ನೋ ಮಾತು ಬರೋದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್‌ನಲ್ಲಿ. ಅದು ಕಡ್ಡಾಯದ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯ ಸಂಗತಿ. ನಿಮಗೆ ಬೇಕಿರೋದು ಓನ್ ಡ್ಯಾಮೇಜ್ (ಓಡಿ), ಅಂದರೆ ನಿಮ್ಮ ಕಾರಿಗೇ ಆದ ಹಾನಿಯ ಕವರ್. ಅದಕ್ಕೆ ಕಾರು ರಸ್ತೆಯಲ್ಲೇ ಇರಬೇಕು ಅಂತೇನಿಲ್ಲ. ಅಂಗಳದಲ್ಲಿ ನಿಂತ ಕಾರಿಗೂ ಹೊರಗಿನಿಂದ ಆಕಸ್ಮಿಕವಾಗಿ ಆದ ಹಾನಿ ಸಲ್ಲುತ್ತದೆ. ತೋಟದ ಮನೆಗಳಲ್ಲಿ ಇಂಥ ಕಾಯಿ ಕೇಸು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಲೆಕ್ಕ. ಗಾಜಿಗೆ ಸವಕಳಿ (ಭಾಗ ಹಳತಾಗಿದ್ದಕ್ಕೆ) ಕಡಿತ ಇಲ್ಲ. ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ನೀವೇ ಹಾಕಬೇಕು. ಬಾನೆಟ್ ತಟ್ಟಿ ಸರಿಮಾಡಿದರೆ ಮಜೂರಿಗೆ ಕಡಿತ ಇಲ್ಲ, ಹೊಸದು ಹಾಕಿಸಿದರೆ ಮೂರು ವರ್ಷ ದಾಟಿದ ಕಾರಿಗೆ ಆ ಭಾಗದ 25% ನಿಮ್ಮ ತಲೆಗೆ. ಪೇಂಟಿನ ಬಿಲ್ ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಕೊನೆಗೆ ಪ್ರತಿ ಕ್ಲೈಮ್‌ಗೂ ನೀವೇ ಭರಿಸಬೇಕಾದ ಕಡ್ಡಾಯ ಕಡಿತ 1,000, ನಿಮ್ಮದು 1,500 ಸಿಸಿ ಒಳಗಿನ ಕಾರಲ್ವಾ. ತಟ್ಟಿಸಿದರೆ ಕೈಯಿಂದ ಹೋಗೋದು ನಾಲ್ಕು ಸಾವಿರದ ಆಸುಪಾಸು.

ಎನ್‌ಸಿಬಿ ಹೋಗೋದು ನಿಜ. ಮುಂದಿನ ಸಲ 45% ಸಿಗಬೇಕಿದ್ದದ್ದು ಸೊನ್ನೆ. ಆಮೇಲೆ 20, 25, 35, 45 ಅಂತ ಮತ್ತೆ ಹತ್ತಬೇಕು. ಎನ್‌ಸಿಬಿ ಕಳೆಯುವ ಮೊದಲು ಓಡಿ ಪ್ರೀಮಿಯಂ 8,000 ಇದ್ದರೆ ಐದು ವರ್ಷಕ್ಕೆ ಒಟ್ಟು ನಷ್ಟ 9,600. ಕಾರಿನ ಬೆಲೆ ಇಳಿದ ಹಾಗೆ ಈ ನಷ್ಟವೂ ಇಳಿಯುತ್ತದೆ. 26,000ದ ಕೆಲಸಕ್ಕೆ ನಾನಾದರೆ ಕ್ಲೈಮ್ ಹಾಕುತ್ತೇನೆ. ಎಂಟೋ ಹತ್ತೋ ಸಾವಿರದ್ದಾಗಿದ್ದರೆ ಸುಮ್ನಿರಿ ಅಂತಿದ್ದೆ.

ಕಾಯಿ ಬಿದ್ದ ಹಾಗೇ ಫೋಟೋ ತೆಗೆದಿದ್ದೀರಾ? ನಂಬರ್ ಪ್ಲೇಟ್, ಮರ ಎರಡೂ ಕಾಣಬೇಕು. ಇವತ್ತೇ ಕಂಪನಿಗೆ ತಿಳಿಸಿ, ಏಜೆಂಟ್‌ಗಲ್ಲ. ಸರ್ವೇಯರ್ ಬಂದು ಹಾನಿ ನೋಡಿ ಸರ್ವೆ ಆಗೋವರೆಗೆ ಗಾಜು ಬದಲಿಸಬೇಡಿ.

ಬಾಡಿಗೆಮನೆ_ಮೈಸೂರು:
ಫೋಟೋ ಇದೆ ಸರ್, ಪುಣ್ಯ. ಓನರ್ ಅಂಕಲ್ ‘ಐದು ಸಾವಿರ ಇಟ್ಕೋ, ಇಲ್ಲಿಗೆ ಮುಗೀತು ಅಂತ ಬರೆದುಕೊಡು’ ಅಂತಿದ್ದಾರೆ. ಗ್ಯಾರೇಜಿನವನು ಹಿಂದಿನ ಬಂಪರ್ ಗೀರೂ ಇದರಲ್ಲೇ ಸೇರಿಸೋಣ ಅಂತಾನೆ.

ನಿವೃತ್ತ_ಸರ್ವೇಯರ್_ಹಾಸನ:
ಬರೆದುಕೊಡಬೇಡಿ. ನಿಮಗೆ ದುಡ್ಡು ಕೊಟ್ಟ ಮೇಲೆ ಮರದ ಮಾಲೀಕರಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಬರುತ್ತದೆ. ನೀವು ಅದನ್ನು ಬಿಟ್ಟುಕೊಟ್ಟರೆ ಅವರು ತಕರಾರು ತೆಗೆಯಬಹುದು. ಹಣ ತಗೊಂಡರೆ ಕಂಪನಿಗೂ ಹೇಳಿ.

ಬಂಪರ್ ಬೇಡ. ಮೇಲಿಂದ ಬಿದ್ದ ಕಾಯಿ ಹಿಂದಿನ ಬಂಪರಿಗೆ ಅಡ್ಡ ಗೀರು ಹಾಕೋದು ಹೇಗೆ? ಹಳೇ ಗೀರಿನೊಳಗೆ ಧೂಳು ಕೂತಿರುತ್ತದೆ, ನಾವು ಮೊದಲು ನೋಡೋದೇ ಅದನ್ನ. ಅದರಿಂದ ಇಡೀ ಕ್ಲೈಮ್ ಮೇಲೆ ಅನುಮಾನ ಬರುತ್ತದೆ.

ಅಷ್ಟಾಗಿಯೂ ಕಂಪನಿ ಕ್ಲೈಮ್ ಆಗಲ್ಲ ಅಂದರೆ ಕಾರಣ ಬರವಣಿಗೆಯಲ್ಲಿ ಕೇಳಿ, ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆ ದೂರು ಕೇಳುವ ಅಧಿಕಾರಿ) ಕಚೇರಿಗೆ ಹೋಗಬಹುದು. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ.