ತಣ್ಣಗೂ ಇಲ್ಲ, ನೊರೆಯೂ ಇಲ್ಲ: ಈ ಪೀಪಾಯಿ ಬಿಯರ್ ಕುಡಿಯುವುದು ಹೇಗೆ? (ಮತ್ತೆ, ಆ ಮೀನಿನ ವಿಷಯ)

ಧಾರವಾಡದ ಹುಡುಗ, ಡರ್ಬಿ

ಎಲ್ಲರಿಗೂ ನಮಸ್ಕಾರ. ಡರ್ಬಿಗೆ ಬಂದು ಐದು ತಿಂಗಳಾಯಿತು. ಈ 2024ರ ಫೆಬ್ರವರಿಯಲ್ಲಿ ನಮ್ಮ ಆಫೀಸಿನವರೆಲ್ಲ ಬರ್ಟನ್ ಅಪಾನ್ ಟ್ರೆಂಟ್‌ಗೆ ಹೊರಟಿದ್ದಾರೆ. ಅಲ್ಲಿನ ಟೌನ್ ಹಾಲ್‌ನಲ್ಲಿ ಕಾಮ್ರಾ ಅನ್ನುವ ಬಿಯರ್ ಪ್ರಿಯರ ಸಂಘದವರು ನಡೆಸುವ ಚಳಿಗಾಲದ ಬಿಯರ್ ಹಬ್ಬ ಇದೆಯಂತೆ. ನನ್ನನ್ನು ಕೇಳದೆ ನನಗೂ ಟಿಕೆಟ್ ತೆಗೆದುಬಿಟ್ಟಿದ್ದಾರೆ.

ಬಿಯರ್ ಅಂದರೆ ನನಗೆ ಗೊತ್ತಿರುವುದು ಇಂದಿರಾನಗರದ ಮೈಕ್ರೋಬ್ರೂವರಿಗಳ ಗೋಧಿ ಬಿಯರ್. ಗ್ಲಾಸಿನ ಹೊರಗೆ ಬೆವರು ಇಳಿಯಬೇಕು, ಹಣೆ ಚುರುಕ್ ಅನ್ನಬೇಕು. ಇಲ್ಲಿ ಹೋದ ತಿಂಗಳು ಒಂದು ಪಬ್‌ನಲ್ಲಿ ಕಾಸ್ಕ್ ಏಲ್ ಅಂತ, ಅಂದರೆ ಪೀಪಾಯಿ ಬಿಯರ್, ಕೊಟ್ಟರು. ಕೌಂಟರಿನವ ನಮ್ಮೂರ ಬೋರಿಂಗ್ ಜಗ್ಗಿದ ಹಾಗೆ ಹಿಡಿಕೆಯನ್ನು ಮೂರು ಸಲ ಜಗ್ಗಿದ. ಬಂದದ್ದು ಕಷಾಯದ ಬಣ್ಣ. ತಣ್ಣಗಿಲ್ಲ, ಗುಳ್ಳೆ ಇಲ್ಲ, ಹಿಂದೆ ಏನೋ ವಿನೆಗರ್ ಘಾಟು. ಅರ್ಧ ಕುಡಿದು ಬಿಟ್ಟೆ. ಜೊತೆಗಿದ್ದವ "ಇದು ಇರುವುದೇ ಹೀಗೆ" ಅಂದ. ನಿಜವಾಗಿ ಹೀಗೇನಾ? ಹೀಗಾದರೆ ಅದಕ್ಕೊಂದು ಹಬ್ಬ ಬೇರೆ ಯಾಕೆ?

ಎರಡನೆಯದು. ಇದಕ್ಕೆ ಮೀನು ಹಾಕುತ್ತಾರೆ ಅಂತ ಒಬ್ಬ ಹೇಳಿದ. ನಾನು ಸಸ್ಯಾಹಾರಿ. ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಕೇಳುವುದಿಲ್ಲ, ಅಷ್ಟು ಮಾತ್ರ ಸಡಿಲ. ಅವನು ಸುಮ್ನೆ ಕಾಡಿಸಿದನೋ ಅಥವಾ ನಿಜವೋ? ಗೊತ್ತಿದ್ದವರು ಹೇಳಿ.

ಸ್ಟಾಕ್‌ಪೋರ್ಟ್ ಶೆಟ್ರು

ಹೊಟ್ಟೆ ತುಂಬ ಉಂಡು ಹೋಗಿ. ಉಳಿದದ್ದು ಪುತ್ತೂರಕ್ಕ ಬಂದು ಹೇಳುತ್ತಾರೆ, ಕಾಯಿರಿ.

ಪುತ್ತೂರಕ್ಕ

ಬಂದೆ. ಇವತ್ತು ನೈಟ್ ಡ್ಯೂಟಿ ಇಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ತಮ್ಮಾ, ನೀನು ಕುಡಿದದ್ದು ಕಾಸ್ಕ್ ಏಲ್ ಅಲ್ಲ, ಅದರ ಹೆಣ. ವಿನೆಗರ್ ಘಾಟು ಬಂದರೆ ಪೀಪಾಯಿ ತೆರೆದು ಜಾಸ್ತಿ ದಿನ ಆಗಿದೆ ಅಂತ ಅರ್ಥ. ಇನ್ನೊಮ್ಮೆ ಹಾಗಾದರೆ ಗ್ಲಾಸನ್ನು ಹಿಂದೆ ಕೊಡು. "ಇದು ಕೆಟ್ಟಿದೆ ಅನ್ನಿಸುತ್ತದೆ" ಅಂದರೆ ಸಾಕು, ಒಳ್ಳೆಯ ಪಬ್‌ನವರು ಮೂಸಿ ನೋಡಿ ಬೇರೆ ಕೊಡುತ್ತಾರೆ. ಇಲ್ಲಿ ಅದರಲ್ಲಿ ನಾಚಿಕೆ ಏನೂ ಇಲ್ಲ. ನಾವು ಹೋಟೆಲಿನಲ್ಲಿ ಹಳಸಿದ ಸಾಂಬಾರನ್ನೂ ಸುಮ್ಮನೆ ತಿಂದು ದುಡ್ಡು ಕೊಟ್ಟು ಬರುವ ಜನ, ಅದನ್ನು ಬಿಡಬೇಕು.

ನಾನು ಲೆಸ್ಟರ್‌ನಲ್ಲಿ ಇರುವುದು. ಒಂಬತ್ತು ವರ್ಷದಿಂದ ಇಂಥ ಹಬ್ಬಗಳಲ್ಲಿ ಸಂಬಳವಿಲ್ಲದ ಕೆಲಸ ಮಾಡುತ್ತಿದ್ದೇನೆ. ಕಾಮ್ರಾ ಹಬ್ಬದಲ್ಲಿ ಗ್ಲಾಸ್ ತುಂಬುವವರು, ಪೀಪಾಯಿ ಹೊರುವವರು, ಬಾಗಿಲಲ್ಲಿ ನಿಲ್ಲುವವರು ಎಲ್ಲ ನಮ್ಮಂಥವರೇ. ನಮ್ಮ ಯಜಮಾನರಿಗೆ ಬಿಯರ್ ಆಗುವುದಿಲ್ಲ. "ಆಸ್ಪತ್ರೆಯಲ್ಲಿ ನಿಂತು ಸಾಲದು ಅಂತ ಅಲ್ಲೂ ಹೋಗಿ ನಿಲ್ಲುತ್ತಾಳೆ" ಅಂತ ನಗುತ್ತಾರೆ.

ನಮ್ಮ ಕಡೆ ಬೆಳಗ್ಗೆ ಇಳಿಸಿದ ಶೇಂದಿ ಸಂಜೆಗೆ ಬೇರೆಯೇ ಆಗಿರುತ್ತದೆ, ಅಲ್ವಾ? ಕಾಸ್ಕ್ ಏಲ್ ಕೂಡ ಆ ಜಾತಿಯದ್ದು, ಇಷ್ಟು ಅವಸರದ್ದಲ್ಲ ಅಷ್ಟೇ. ಬಾರ್‌ಗಳಲ್ಲಿ ನಲ್ಲಿಯಿಂದ ಬರುವ ಮಾಮೂಲಿ ತಣ್ಣನೆಯ ಬಿಯರ್, ಅಂದರೆ ಕೆಗ್ ಬಿಯರನ್ನು ಸಾಮಾನ್ಯವಾಗಿ ಬ್ರೂವರಿಯಲ್ಲೇ ಸೋಸಿ, ಎಷ್ಟೋ ಸಲ ಬಿಸಿ ಮಾಡಿ ಈಸ್ಟ್ ಕೊಂದು, ಗ್ಯಾಸ್ ತುಂಬಿ ಕಳಿಸುತ್ತಾರೆ. ಎಲ್ಲಿ ಕುಡಿದರೂ ಒಂದೇ ರುಚಿ. ಕಾಸ್ಕ್ ಪೀಪಾಯಿಯೊಳಗೆ ಈಸ್ಟ್ ಜೀವಂತ ಇರುತ್ತದೆ. ಅಲ್ಲಿಯೇ ಕೊನೆಯ ಹುದುಗು ನಡೆಯುತ್ತದೆ, ಅದರಿಂದ ಬಂದ ಗ್ಯಾಸೇ ಅದರ ಗುಳ್ಳೆ. ಅಂದರೆ ಬ್ರೂವರಿಯವನು ಮುಕ್ಕಾಲು ಕೆಲಸ ಮಾಡಿ ಕಳಿಸುತ್ತಾನೆ. ಉಳಿದ ಕಾಲು ಪಬ್‌ನ ನೆಲಮಾಳಿಗೆಯವನದ್ದು. ನಿನ್ನ ಪಬ್‌ನಲ್ಲಿ ಕೆಟ್ಟದ್ದು ಆ ಕಾಲು ಭಾಗ.

ತಣ್ಣಗಿಲ್ಲ ಅಂತೀಯಲ್ಲ, ಅದು 11ರಿಂದ 13 ಡಿಗ್ರಿ ಇರಬೇಕು. ಬೆಚ್ಚಗಲ್ಲ, ಮಣ್ಣಿನ ಹೂಜಿಯ ನೀರಿನ ತಂಪು. ಫ್ರಿಜ್ಜಿನ 4 ಡಿಗ್ರಿಗೆ ಇಳಿಸಿದರೆ ನಾಲಿಗೆ ಮರಗಟ್ಟುತ್ತದೆ, ಮಾಲ್ಟ್‌ನ ಪರಿಮಳವೇ ಗೊತ್ತಾಗುವುದಿಲ್ಲ. ಬೆಂಗಳೂರಿನ ಏಪ್ರಿಲ್‌ಗೆ ನಿನ್ನ ಗೋಧಿ ಬಿಯರ್ ಸರಿ. ಫೆಬ್ರವರಿಯಲ್ಲಿ ಮೂಳೆಗೆ ಇಳಿಯುವ ಚಳಿಯಿಂದ ಒಳಗೆ ಬಂದವನಿಗೆ ಯಾಕೆ ಐಸ್?

ಹಬ್ಬದ ಹಾಲ್‌ನಲ್ಲಿ ನೆಲಮಾಳಿಗೆ ಇಲ್ಲ. ಹಾಗಾಗಿ ಜನ ಬರುವ ಎರಡು ಮೂರು ದಿನ ಮೊದಲೇ ನಮ್ಮ ಕೆಲಸ ಶುರು. ಕಬ್ಬಿಣದ ಅಟ್ಟಣಿಗೆ ಕಟ್ಟುತ್ತೇವೆ, ಸ್ಟಿಲೇಜ್ ಅನ್ನುತ್ತಾರೆ. ಅದರ ಮೇಲೆ ಪೀಪಾಯಿಗಳನ್ನು ಅಡ್ಡ ಮಲಗಿಸಿ ಮರದ ಬೆಣೆ ಕೊಡುತ್ತೇವೆ. ಪೀಪಾಯಿ ಅಂದರೆ ಸಿನಿಮಾದಲ್ಲಿ ನೋಡಿದ ಮರದ್ದಲ್ಲ, ಈಗ ಹೆಚ್ಚಿನವು ಲೋಹದ್ದು. ಜಾಸ್ತಿ ಬರುವುದು ಫರ್ಕಿನ್: 9 ಗ್ಯಾಲನ್, 72 ಪಿಂಟ್, ಸುಮಾರು 41 ಲೀಟರ್. ತುಂಬಿದ್ದನ್ನು ಇಬ್ಬರು ಎತ್ತಬೇಕು. ಮೊದಲ ವರ್ಷ ನಾನು ಒಬ್ಬಳೇ ಎತ್ತುತ್ತೇನೆ ಅಂತ ಹೋಗಿ ಒಂದು ವಾರ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡಿದ್ದೆ.

ಮಲಗಿಸಿದ ಮೇಲೆ ಹೊಟ್ಟೆಯ ಮೇಲಿನ ಬಿರಡೆಗೆ ಗಾಳಿಯಾಡುವ ಮೆದು ಮರದ ಗೂಟ ಹೊಡೆಯುತ್ತೇವೆ. ಬುಸ್ ಅಂತ ನೊರೆ ಉಕ್ಕುತ್ತದೆ. ಆಗಾಗ ಒರೆಸುತ್ತಾ ಇರಬೇಕು. ಉಕ್ಕುವುದು ನಿಂತ ಮೇಲೆ ಗಟ್ಟಿ ಗೂಟ ಹಾಕಿ, ಉಳಿದ ಗ್ಯಾಸ್ ಒಳಗೇ ಇರುವ ಹಾಗೆ ನೋಡುತ್ತೇವೆ. ಯಾವಾಗ ಬದಲಿಸಬೇಕು ಅನ್ನುವುದೇ ವಿದ್ಯೆ. ಬೇಗ ಬಿಗಿದರೆ ನೊರೆಯೇ ನೊರೆ, ತಡ ಮಾಡಿದರೆ ನೀನು ಕುಡಿದ ಕಷಾಯ. ಆಮೇಲೆ ಕೊಡತಿಯಲ್ಲಿ ಒಂದೇ ಏಟಿಗೆ ನಲ್ಲಿ ಕೂರಿಸಬೇಕು. ಅನುಮಾನ ಮಾಡುತ್ತಾ ಹೊಡೆದೆಯೋ, ಬಿಯರ್ ಸ್ನಾನ. ಪೀಪಾಯಿ ಮೇಲೆ ತಣ್ಣೀರು ಹರಿಯುವ ಪೈಪಿನ ತಡಿ ಹಾಕಿ ದಪ್ಪ ಹೊದಿಕೆ ಹೊದಿಸುತ್ತೇವೆ. ಬೆಳಗ್ಗೆ ಖಾಲಿ ಹಾಲ್ ತಣ್ಣಗೇ ಇರುತ್ತದೆ. ಸಂಜೆ ನೂರಾರು ಜನ ಕೋಟು ಹಾಕಿಕೊಂಡು ನುಗ್ಗಿದಾಗ ನೋಡಬೇಕು ಆ ಸೆಕೆ.

ಒಮ್ಮೆ ಗಾಳಿ ಒಳಗೆ ಹೋಯಿತು ಅಂದರೆ ಮೂರು ದಿನದಲ್ಲಿ ಖಾಲಿಯಾಗಬೇಕು. ಹಬ್ಬದಲ್ಲಿ ಅದು ಸುಲಭ, ಎಷ್ಟೋ ಪೀಪಾಯಿ ಒಂದೇ ಸಂಜೆಗೆ ಮುಗಿಯುತ್ತವೆ. ಅದಕ್ಕೇ ಇದನ್ನು ಹೊಸದಾಗಿ ಕುಡಿಯುವವರು ಹಬ್ಬದಲ್ಲಿ ಕುಡಿಯಬೇಕು ಅನ್ನುತ್ತೇನೆ.

ಇನ್ನು ಮೀನು. ನಿನ್ನ ಗೆಳೆಯ ಕಾಡಿಸಿಲ್ಲ, ನಿಜ. ಐಸಿಂಗ್ಲಾಸ್ ಅಂತ, ಮೀನಿನ ಗಾಳಿಚೀಲ ಒಣಗಿಸಿ ಮಾಡಿದ್ದು. ಅದನ್ನು ಪೀಪಾಯಿಗೆ ಹಾಕಿದರೆ ತೇಲುತ್ತಿರುವ ಈಸ್ಟನ್ನೆಲ್ಲ ಹಿಡಿದುಕೊಂಡು ತಳಕ್ಕೆ ಮಡ್ಡಿಯಾಗಿ ಕೂರುತ್ತದೆ, ಬಿಯರ್ ತಿಳಿಯಾಗುತ್ತದೆ. ಹಿಂದೆ ರಷ್ಯಾದ ಸ್ಟರ್ಜನ್ ಮೀನಿನದ್ದು ತರಿಸುತ್ತಿದ್ದರು. ಹೆಚ್ಚಿನದು ಮಡ್ಡಿಯಲ್ಲೇ ಉಳಿಯುತ್ತದೆ, ಗ್ಲಾಸಿಗೆ ಬರುವುದಿಲ್ಲ ಅಂತ ಇಲ್ಲಿಯವರು ಸಮಾಧಾನ ಹೇಳುತ್ತಾರೆ. ನಾನು ಮೀನು ತಿನ್ನುವವಳು, ನನಗೆ ಅದು ನಡೆಯುತ್ತದೆ. ನಿನಗೆ ನಡೆಯಬೇಕು ಅಂತ ನಾನು ಹೇಳುವುದಿಲ್ಲ. ಹಾಕದೇ ಇರುವ ಬಿಯರ್‌ಗಳೂ ಬೇಕಾದಷ್ಟಿವೆ. "ಅನ್‌ಫೈನ್ಡ್" ಅಥವಾ "ವೀಗನ್" ಅಂತ ಬರೆದಿರುತ್ತಾರೆ. ಬ್ರಿಸ್ಟಲ್‌ನ ಮೂರ್ ಬ್ರೂವರಿಯವರು ಅದಕ್ಕೇ ಹೆಸರುವಾಸಿ. ಸ್ವಲ್ಪ ಮಸುಕಾಗಿ ಕಾಣಬಹುದು, ಅದು ಕೆಟ್ಟದ್ದಲ್ಲ. ಬರೆದಿಲ್ಲದಿದ್ದರೆ ಕೌಂಟರಿನಲ್ಲಿ ಕೇಳು. ನಮಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯುತ್ತೇವೆ. ಮೀನಿಗಿಂತ ದೊಡ್ಡ ಅಪಾಯ ತಿಂಡಿ ಅಂಗಡಿಯದ್ದು. ಚಿಪ್ಸ್ ಅಂದುಕೊಂಡು ಪೋರ್ಕ್ ಸ್ಕ್ರ್ಯಾಚಿಂಗ್ಸ್ ಬಾಯಿಗೆ ಹಾಕಬೇಡ. ಅದು ಹಂದಿಯ ಚರ್ಮ ಕರಿದದ್ದು. ಬಾಂಬೆ ಮಿಕ್ಸ್ ಸಿಕ್ಕರೆ ತಗೋ, ಅದು ನಿಮ್ಮೂರ ಚೂಡಾದ ದೂರದ ನೆಂಟ.

ಏನು ಕುಡಿಯಬೇಕು ಅಂದರೆ, ಚಳಿಗಾಲದ ಹಬ್ಬಕ್ಕೆ ಹೋಗಿ ತಿಳಿ ಬಣ್ಣದ್ದು ಕುಡಿದು ಬರಬೇಡ. ಮೈಲ್ಡ್, ಪೋರ್ಟರ್, ಸ್ಟೌಟ್, ಓಲ್ಡ್ ಏಲ್, ಬಾರ್ಲಿ ವೈನ್, ಈ ಕಪ್ಪು ಬಿಯರ್‌ಗಳ ಕಾಲ ಇದು. ಎಲ್ಲಿ ಸಿಕ್ಕರೂ ಬಿಡಬಾರದ ಹೆಸರು ಅಂದರೆ ಎಲ್ಯಾಂಡ್ ಬ್ರೂವರಿಯವರ 1872 ಪೋರ್ಟರ್, ಆಲ್ಕೋಹಾಲ್ ಶೇ. 6.5. ಇಡೀ ಬ್ರಿಟನ್ನಿನ ಚಾಂಪಿಯನ್ ಬಿಯರ್ ಪಟ್ಟ 2013ರಲ್ಲಿ ಗೆದ್ದಿತ್ತು, 2023ರಲ್ಲಿ ಮತ್ತೆ ಗೆದ್ದಿತು. ಆಮೇಲೆ ಸೆಜ್ಲಿಯ ಸಾರಾ ಹ್ಯೂಸ್ ಡಾರ್ಕ್ ರೂಬಿ, ಮೈಲ್ಡ್ ಅಂತ ಹೆಸರು, ಇರುವುದು ಶೇ. 6. ಕೊನೆಗೆ ಶೆಟ್ರ ಊರಿನ ರಾಬಿನ್ಸನ್ಸ್ ಓಲ್ಡ್ ಟಾಮ್, ಶೇ. 8.5. 1899ರಿಂದ ಇದೆ, ಲೇಬಲ್ ಮೇಲೆ ಬೆಕ್ಕಿನ ಮುಖ. ಒಣದ್ರಾಕ್ಷಿ, ಜೋನಿಬೆಲ್ಲ, ಎಲ್ಲ ನೆನಪಾಗುತ್ತದೆ. ಇವುಗಳಿಗೆ ಮೀನು ಹಾಕಿದ್ದಾರೋ ಇಲ್ಲವೋ ಅಲ್ಲೇ ಕೇಳಿಕೋ, ನನ್ನ ಮಾತಿನ ಮೇಲೆ ಹೋಗಬೇಡ.

ಪಿಂಟ್ ತಗೋಬೇಡ. ಗ್ಲಾಸಿನ ಮೇಲೆ ಗೆರೆ ಇರುತ್ತದೆ. ಮೂರನೇ ಒಂದು ಅಂತ ಕೇಳು, 190 ಮಿಲಿಲೀಟರ್. ಓಲ್ಡ್ ಟಾಮ್‌ನ ಒಂದು ಪಿಂಟ್ ಅಂದರೆ ಸಾಧಾರಣ ಬಿಯರ್‌ನ ಎರಡು ಪಿಂಟ್‌ಗಿಂತ ಜಾಸ್ತಿ. ಕಡಿಮೆ ಆಲ್ಕೋಹಾಲ್ ಇರುವುದರಿಂದ ಹೆಚ್ಚು ಇರುವುದಕ್ಕೆ ಹೋಗು. ನಡುವೆ ನೀರು.

ಸ್ಟಾಕ್‌ಪೋರ್ಟ್ ಶೆಟ್ರು

ಅಕ್ಕ ನೊರೆಯ ಮಾತು ಬಿಟ್ಟರು. ಬೇಕಂತಲೇ ಬಿಟ್ಟರು ಅಂತ ನನ್ನ ಗುಮಾನಿ. ನಮ್ಮ ಉತ್ತರದ ಕಡೆ ಹ್ಯಾಂಡ್‌ಪಂಪ್ ಮೂತಿಗೆ ಸ್ಪಾರ್ಕ್ಲರ್ ಅಂತ ಸಣ್ಣ ತೂತುಗಳ ಮುಚ್ಚಳ ಹಾಕುತ್ತಾರೆ. ಅದರಿಂದ ಬಿದ್ದ ಬಿಯರ್‌ಗೆ ಫಿಲ್ಟರ್ ಕಾಫಿ ಎತ್ತಿ ಹೊಯ್ದ ಹಾಗೆ ಕೆನೆ ನೊರೆ ಬರುತ್ತದೆ. ದಕ್ಷಿಣದವರು ಬೋಳು ಬಿಯರ್ ಕುಡಿಯುತ್ತಾರೆ. ಎಷ್ಟೋ ಹಬ್ಬಗಳಲ್ಲಿ ಪೀಪಾಯಿಯ ನಲ್ಲಿಯಿಂದಲೇ ನೇರ ಹಿಡಿದು ಕೊಡುತ್ತಾರೆ. ಅದಕ್ಕೆ ನಾನು ಕಾಸು ಕೊಡುವುದಿಲ್ಲ.

ಪುತ್ತೂರಕ್ಕ

ಶೆಟ್ರೇ, ನೊರೆಗೆ ದುಡ್ಡು ಕೊಡುವವರು ನೀವು. ನಾನು ಬಿಯರ್‌ಗೆ ಕೊಡುತ್ತೇನೆ. ಸ್ಪಾರ್ಕ್ಲರ್ ಹಾಕಿದರೆ ಇರುವ ಗ್ಯಾಸೆಲ್ಲ ನೊರೆಗೆ ಹೋಗಿ ಕೆಳಗೆ ಏನೂ ಉಳಿಯುವುದಿಲ್ಲ. ಈ ಜಗಳ ಇಲ್ಲಿಗೆ ಸಾಕು, ಹುಡುಗ ಹೆದರುತ್ತಾನೆ.

ಮೈಸೂರು ಮಾವ

ಬರ್ಟನ್ ಅಂದಮೇಲೆ ಇಂಡಿಯಾ ಪೇಲ್ ಏಲ್ ಕುಡಿಯದೆ ಬರುತ್ತಾರೆಯೇ? ನಮ್ಮ ದೇಶಕ್ಕಾಗಿ ಅಲ್ಲೇ ಕಂಡುಹಿಡಿದದ್ದು ತಾನೇ.

ಪುತ್ತೂರಕ್ಕ

ಮಾವಾ, ಪೂರ್ತಿ ಹಾಗಲ್ಲ. ಭಾರತಕ್ಕೆ ಮೊದಲು ಹೆಸರು ಮಾಡಿದ್ದು ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿಯ ಬಿಯರ್. ಬರ್ಟನ್ನಿನವರು ರಷ್ಯಾದ ವ್ಯಾಪಾರ ಕೈತಪ್ಪಿದ ಮೇಲೆ 1820ರ ದಶಕದಲ್ಲಿ ಈ ಕಡೆ ತಿರುಗಿದ್ದು. ಆದರೆ ಅವರ ಬಾವಿ ನೀರಿನಲ್ಲಿ ಜಿಪ್ಸಮ್ ಇತ್ತು. ಆ ನೀರಿಗೆ ಹಾಪ್ಸ್ ಹೂವಿನ ಕಹಿ ಚೊಕ್ಕವಾಗಿ ಎದ್ದು ಬರುತ್ತದೆ, ಹಾಗಾಗಿ ಗೆದ್ದುಬಿಟ್ಟರು. ಬರ್ಟನ್ ಬಿಯರ್ ಮೂಸಿದರೆ ಆಗ ತಾನೇ ಬೆಂಕಿಕಡ್ಡಿ ಗೀರಿದ ಹಾಗೆ ಗಂಧಕದ ವಾಸನೆ ಇರುತ್ತದೆ, ಹೆದರಬೇಡಿ. ಅಂದಹಾಗೆ ಭಾರತಕ್ಕೆ ಪೇಲ್ ಏಲ್ ಒಂದೇ ಹೋಗಿದ್ದಲ್ಲ, ಸಿಪಾಯಿಗಳಿಗೆ ಅಂತ ಪೋರ್ಟರ್ ಕೂಡ ಹಡಗುಗಟ್ಟಲೆ ಹೋಗಿದೆ. ನಮ್ಮ ಸೆಕೆಯಲ್ಲಿ ಅದನ್ನು ಹೇಗೆ ಕುಡಿದರೋ.

ಒಂದು ಬೇಜಾರು. ಬರ್ಟನ್ನಿನ ಮಾರ್ಸ್ಟನ್ಸ್ ಬ್ರೂವರಿಯವರ ಪೆಡಿಗ್ರಿ ಬಿಯರ್ ಹುದುಗುತ್ತಿದ್ದದ್ದು ಬರ್ಟನ್ ಯೂನಿಯನ್ ಅನ್ನುವ ಸಾಲು ಮರದ ಪೀಪಾಯಿಗಳಲ್ಲಿ. ಉಕ್ಕಿದ ಈಸ್ಟ್ ಮೇಲಿನ ಕೊಳವೆಯಿಂದ ತೊಟ್ಟಿಗೆ ಹೋಗಿ ಬೀಳುತ್ತಿತ್ತು. 2024ರ ಜನವರಿಯಲ್ಲಿ ಅದನ್ನು ನಿಲ್ಲಿಸುತ್ತೇವೆ ಅಂತ ಹೇಳಿದರು. ಈ ಸಲ ಹಬ್ಬದಲ್ಲಿ ಎಲ್ಲರ ಬಾಯಲ್ಲೂ ಅದೇ ಇರುತ್ತದೆ, ನೋಡುತ್ತಿರಿ.

ಧಾರವಾಡದ ಹುಡುಗ, ಡರ್ಬಿ

ಹೋಗಿ ಬಂದೆ. ಡರ್ಬಿಯಿಂದ ರೈಲಿನಲ್ಲಿ ಕಾಲು ಗಂಟೆಯೂ ಇಲ್ಲ. ಸ್ಟೇಷನ್ನಿನಿಂದ ನಡೆದೇ ಹೋದೆವು. ಟೌನ್ ಹಾಲ್ ಎದುರಿಗೇ ಬಾಸ್ ಮನೆತನದವರ ಪ್ರತಿಮೆ. ಬ್ರೂವರಿ ಸಾಹುಕಾರನಿಗೆ ನಮ್ಮಲ್ಲಿ ಹೀಗೆ ಯಾರಾದರೂ ಪ್ರತಿಮೆ ನಿಲ್ಲಿಸುತ್ತಾರಾ ಅಂತ ಜೊತೆಯವರಿಗೆ ಕೇಳಿದೆ, ಅವರಿಗೆ ಜೋಕ್ ಅರ್ಥ ಆಗಲಿಲ್ಲ.

ಅಕ್ಕ ಹೇಳಿದ ಹಾಗೆ ಮೂರನೇ ಒಂದು ಅಂತಲೇ ಕೇಳಿದೆ. ಮೊದಲು ಎಲ್ಲರೂ ನಕ್ಕರು, ಮೂರನೇ ಸುತ್ತಿಗೆ ಅವರೂ ಅದನ್ನೇ ಕೇಳಿದರು. ಕೌಂಟರಿನಲ್ಲಿ ಅಜ್ಜಿಯಂಥವರು ಒಬ್ಬರು ಇದ್ದರು. ಮೀನು ಹಾಕದ್ದು ಯಾವುದು ಅಂದೆ. ಒಂದು ಕ್ಷಣವೂ ಆಶ್ಚರ್ಯಪಡದೆ ಪಟ್ಟಿ ತೆಗೆದು ಬೆರಳಿಟ್ಟು ತೋರಿಸಿದರು. ಕಾಫಿ ಹುರಿದ ವಾಸನೆಯ ಒಂದು ಸ್ಟೌಟ್ ಕೊಟ್ಟರು. ಮೊದಲ ಗುಟುಕಿಗೆ ಏನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದೆ. ಆಮೇಲೆ ಕುಡಿದಾಗ ಬೇರೆಯೇ ಇತ್ತು, ನಮ್ಮ ಅಜ್ಜಿ ಒಲೆಯ ಮೇಲೆ ಬೆಲ್ಲದ ಪಾಕ ಜಾಸ್ತಿ ಕಾಯಿಸಿದಾಗ ಬರುವ ಆ ಸುಟ್ಟ ಸಿಹಿ. ನಾನು ಅದನ್ನು ಬಿಯರ್‌ನಲ್ಲಿ ನಿರೀಕ್ಷಿಸಿರಲಿಲ್ಲ.

ತಿಳಿ ಬಣ್ಣದ್ದನ್ನೂ ಒಂದು ಕುಡಿದೆ, ಬೆಂಕಿಕಡ್ಡಿ ವಾಸನೆ ನಿಜ. ನನಗೆ ಹಿಡಿಸಲಿಲ್ಲ. ಮೈಸೂರು ಮಾವ ಕ್ಷಮಿಸಬೇಕು.

ಒಂದು ಪೀಪಾಯಿ ಮುಗಿಯುವ ಹೊತ್ತಿಗೆ ಒಬ್ಬರು ಹಿಂದಿನ ಕಡೆಗೆ ಬೆಣೆ ಕೊಟ್ಟು ನಿಧಾನಕ್ಕೆ, ಮಗು ಮಲಗಿಸಿದ ಹಾಗೆ, ಮುಂದಕ್ಕೆ ವಾಲಿಸಿದರು. ಮಡ್ಡಿ ಕದಡಬಾರದಲ್ಲ. ಅದನ್ನೇ ಹತ್ತು ನಿಮಿಷ ನೋಡುತ್ತಾ ನಿಂತಿದ್ದೆ. ಅವರೇ ಕರೆದು ಮಾತಾಡಿಸಿ, ಮುಂದಿನ ಸಲ ಈ ಕಡೆ ಬಾ ಅಂದರು. ಈಗ ಡರ್ಬಿ ಕಡೆಯ ಒಂದು ಹಬ್ಬಕ್ಕೆ ವಾಲಂಟಿಯರ್ ಫಾರ್ಮ್ ತುಂಬುತ್ತಿದ್ದೇನೆ. ಟೀಶರ್ಟ್ ಸೈಜ್ ಕೇಳಿದ್ದಾರೆ. ನನಗೆ ಊರಲ್ಲಿ ಎಲ್ ಆಗುತ್ತದೆ. ಅಕ್ಕಾ, ಇಲ್ಲಿ ಏನು ಹಾಕಲಿ?

ಪುತ್ತೂರಕ್ಕ

ಎಂ ಹಾಕು. ಮತ್ತೆ ಫರ್ಕಿನ್ ಒಬ್ಬನೇ ಎತ್ತಬೇಡ.